ಪೋಕರ್‌ನಲ್ಲಿ ಎದುರಾಳಿಯ ಎಲೆಗಳನ್ನು ಅಂದಾಜು ಮಾಡುವುದು ಹೇಗೆ?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದೇನೆ. ಬಿಡುವಾದಾಗ ಇಲ್ಲಿನ ಕಾರ್ಡ್ ರೂಮ್ ಒಂದರಲ್ಲಿ 1 ಮತ್ತು 3 ಡಾಲರ್ ಬ್ಲೈಂಡ್‌ಗಳ (ಎಲೆ ಹಂಚುವ ಮೊದಲೇ ಇಬ್ಬರು ಹಾಕಲೇಬೇಕಾದ ಹಣ) ನೋ-ಲಿಮಿಟ್ ಟೆಕ್ಸಸ್ ಹೋಲ್ಡೆಮ್ (ಪ್ರತಿಯೊಬ್ಬರಿಗೆ ಎರಡು ಗುಪ್ತ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ) ಆಡುತ್ತೇನೆ. ಈಚೆಗೆ ಬಟನ್ ಸ್ಥಾನದಲ್ಲಿ (ಸುತ್ತಿನಲ್ಲಿ ಕೊನೆಗೆ ಆಡುವ ಸ್ಥಾನ) ನನಗೆ ಕಳಾವರ್ ಎಕ್ಕ ಮತ್ತು ಕಳಾವರ್ ಗುಲಾಮ ಬಂದವು. ಮೇಜಿನ ನಡುವೆ ಕುಳಿತಿದ್ದ, ಹೆಚ್ಚು ಕೈಗಳನ್ನು ಆಡದ ಒಬ್ಬರು 12 ಡಾಲರ್‌ಗೆ ರೈಸ್ ಮಾಡಿದರು, ಅಂದರೆ ಪಣ ಏರಿಸಿದರು. ನಾನೊಬ್ಬನೇ ಕಾಲ್ ಮಾಡಿದೆ, ಅಂದರೆ ಅಷ್ಟೇ ಹಣ ಹಾಕಿದೆ. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಗಳು) ಆಟೀನ್ ಗುಲಾಮ, ಆಟೀನ್ 8, ಇಸ್ಪೀಟ್ 4 ಬಿದ್ದವು. ಅವರು 20 ಬೆಟ್ ಮಾಡಿದರು, ಕಾಲ್ ಮಾಡಿದೆ. ಟರ್ನ್‌ನಲ್ಲಿ (ನಾಲ್ಕನೆಯ ಎಲೆ) ಕಳಾವರ್ 2 ಬಂತು. ಅವರು 45 ಹಾಕಿದರು, ಮತ್ತೆ ಕಾಲ್ ಮಾಡಿದೆ. ರಿವರ್‌ನಲ್ಲಿ (ಐದನೆಯ, ಕೊನೆಯ ಎಲೆ) ಡೈಮಂಡ್ 2 ಬಂದಾಗ ಅವರು 120 ಡಾಲರ್ ಬೆಟ್ ಮಾಡಿದರು. ಅವರ ಬಳಿ ರಾಜರ ಜೋಡಿ ಇದೆ ಎಂದು ಮನಸ್ಸು ಗಟ್ಟಿಯಾಗಿ ಹೇಳಿತು; ಫೋಲ್ಡ್ ಮಾಡಿದೆ, ಅಂದರೆ ಎಲೆಗಳನ್ನು ಕೆಳಗಿಟ್ಟು ಆಟ ಬಿಟ್ಟೆ. ಅವರು ಆಟೀನ್ 10 ಮತ್ತು ಆಟೀನ್ 9 ತೋರಿಸಿ ಪಾಟ್ (ಮೇಜಿನ ಮೇಲೆ ಸೇರಿದ ಹಣ) ಎಳೆದುಕೊಂಡರು. ಎದುರಾಳಿಯ ಕೈಯನ್ನು ಸರಿಯಾಗಿ ಊಹಿಸುವ ಕ್ರಮವೇನಾದರೂ ಇದೆಯೇ?

ಉತ್ತರ: ಕ್ರಮ ಇದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ. ರಿವರ್‌ನಲ್ಲಿ 120 ಡಾಲರ್ ಎದುರಿಗೆ ಬಂದ ಮೇಲೆ ನೀವು ಎದುರಾಳಿಯ ಕೈಯನ್ನು ಊಹಿಸಲು ಕುಳಿತಿರಿ, ಮತ್ತು ಒಂದೇ ಒಂದು ಜೋಡಿಯನ್ನು ಆರಿಸಿದಿರಿ. ಅನುಭವಿ ಆಟಗಾರರು ಈ ಕೆಲಸವನ್ನು ಮೊದಲ 12 ಡಾಲರ್ ಮೇಜಿಗೆ ಬಿದ್ದ ಗಳಿಗೆಯಲ್ಲಿಯೇ ಆರಂಭಿಸುತ್ತಾರೆ, ಮತ್ತು ಕೊನೆಯವರೆಗೂ ಒಂದೇ ಕೈಗೆ ಬಂದು ನಿಲ್ಲುವುದಿಲ್ಲ. ಆ ವ್ಯಕ್ತಿ ಆ ಸ್ಥಾನದಿಂದ ಹಾಗೆ ಆಡಬಹುದಾದ ಎಲ್ಲ ಕೈಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡು, ಪ್ರತಿಯೊಂದು ಬೆಟ್, ಚೆಕ್ (ಹಣ ಹಾಕದೆ ಸರದಿ ಬಿಟ್ಟುಕೊಡುವುದು), ಕಾಲ್ ಆದಾಗಲೂ ಆ ಗುಂಪಿನಿಂದ ಕೆಲವನ್ನು ತೆಗೆದುಹಾಕುತ್ತ ಬರುತ್ತಾರೆ. ಈ ಗುಂಪನ್ನೇ ಆಟದಲ್ಲಿ ರೇಂಜ್ ಎಂದು ಕರೆಯುತ್ತಾರೆ. ರಮ್ಮಿ ಆಡಿ ಬೆಳೆದವರಿಗೆ ಇದು ತೀರ ಹೊಸದಲ್ಲ: ನೀವು ಬಿಸಾಡಿದ ಆಟೀನ್ 7ನ್ನು ಎದುರಿನವರು ಎತ್ತಿಕೊಂಡರೆ ಅವರ ಕೈಯಲ್ಲಿ ಇಂಥದ್ದೇ ಸಾಲು ಇದೆ ಎಂದು ಹೇಳಲಾಗದಿದ್ದರೂ ಆಟೀನ್ 6, ಆಟೀನ್ 8 ಮತ್ತು ಉಳಿದ 7ಗಳನ್ನು ಬಿಸಾಡಲು ಕೈ ಹಿಂಜರಿಯುತ್ತದೆ. ಆ ಹಿಂಜರಿಕೆಗೆ ಸಂಖ್ಯೆಗಳನ್ನು ಜೋಡಿಸುವುದೇ ಪೋಕರ್‌ನಲ್ಲಿ ನಾವು ಮಾಡಬೇಕಾದದ್ದು.

ಮೊದಲು ಎಣಿಕೆಯ ಅಡಿಪಾಯ. 52 ಎಲೆಗಳ ಕಟ್ಟಿನಿಂದ ಎರಡು ಎಲೆಗಳನ್ನು 1,326 ಬಗೆಯಲ್ಲಿ ಹಂಚಬಹುದು. ಇಂಥ ಪ್ರತಿಯೊಂದು ಬಗೆಯನ್ನು ಆಟಗಾರರು ಕಾಂಬೊ ಎನ್ನುತ್ತಾರೆ. ಯಾವುದೇ ಒಂದು ಜೋಡಿ, ಉದಾಹರಣೆಗೆ ಎರಡು ರಾಜರು, 6 ಬಗೆಯಲ್ಲಿ ಬರಬಹುದು. ಎಕ್ಕ–ರಾಜದಂಥ ಜೋಡಿಯಲ್ಲದ ಕೈ 16 ಬಗೆಯಲ್ಲಿ ಬರಬಹುದು. ಅವುಗಳಲ್ಲಿ 4 ಒಂದೇ ಜಾತಿಯ ಎಲೆಗಳು, 12 ಬೇರೆ ಬೇರೆ ಜಾತಿಯವು. ಈ ಮೂರು ಸಂಖ್ಯೆಗಳು, ಅಂದರೆ 6, 4 ಮತ್ತು 12, ಬಾಯಿಪಾಠವಾಗಿರಬೇಕು. ಎಕ್ಕಗಳ ಜೋಡಿಗೆ ಹೆದರುವವರು ಅದು ಎಕ್ಕ–ರಾಜಕ್ಕಿಂತ ಎಷ್ಟು ಅಪರೂಪವೆಂಬುದನ್ನು ಮರೆಯುತ್ತಾರೆ: ಯಾವ ಎಲೆಯೂ ಕಾಣದಿರುವಾಗ ಅನುಪಾತ 6ಕ್ಕೆ 16. ಒಂದು ಎಕ್ಕ ನಿಮ್ಮ ಕೈಯಲ್ಲಿ ಇದ್ದರೆ ಎಕ್ಕಗಳ ಜೋಡಿ 6ರಿಂದ 3ಕ್ಕೆ ಇಳಿಯುತ್ತದೆ, ಎಕ್ಕ–ರಾಜ 16ರಿಂದ 12ಕ್ಕೆ. ನಿಮಗೆ ಕಾಣುವ ಪ್ರತಿಯೊಂದು ಎಲೆಯೂ ಎದುರಾಳಿಗೆ ಸಿಗಲಾರದ ಎಲೆಯಾದ್ದರಿಂದ ಈ ಕಳೆಯುವ ಲೆಕ್ಕ ಆಟದುದ್ದಕ್ಕೂ ನಡೆಯುತ್ತಲೇ ಇರಬೇಕು.

ಫ್ಲಾಪ್‌ಗೆ ಮುಂಚಿನ ಒಂದು ನಿರ್ಧಾರವನ್ನು ನೋಡಿದರೆ ಈ ಎಣಿಕೆಗೆ ಎಷ್ಟು ತೂಕವಿದೆ ಎಂಬುದು ತಿಳಿಯುತ್ತದೆ. ನಿಮ್ಮ ಕೈಯಲ್ಲಿ ಎರಡು ರಾಣಿಯರಿದ್ದು, ಎದುರಾಳಿ ಆಲ್-ಇನ್ ಆಗಿದ್ದಾರೆ (ತಮ್ಮ ಮುಂದಿದ್ದ ಹಣವನ್ನೆಲ್ಲ ಹಾಕಿದ್ದಾರೆ) ಎನ್ನಿ. ಅವರು ಎಕ್ಕಗಳ ಜೋಡಿ, ರಾಜರ ಜೋಡಿ ಮತ್ತು ಎಕ್ಕ–ರಾಜ ಇದ್ದಾಗ ಮಾತ್ರ ಹೀಗೆ ಮಾಡುವವರಾದರೆ ಒಟ್ಟು 28 ಕಾಂಬೊಗಳು. ಅವುಗಳಲ್ಲಿ 12 ದೊಡ್ಡ ಜೋಡಿಗಳ ಎದುರು ನೀವು ಗೆಲ್ಲುವ ಸಾಧ್ಯತೆ ಸುಮಾರು ಶೇ 18. 16 ಎಕ್ಕ–ರಾಜಗಳ ಎದುರು ಸುಮಾರು ಶೇ 56. ತೂಕ ಹಾಕಿ ಸರಾಸರಿ ತೆಗೆದರೆ ಶೇ 40ರ ಹತ್ತಿರ ಬರುತ್ತದೆ. ಅದೇ ವ್ಯಕ್ತಿ ಗುಲಾಮರ ಜೋಡಿ ಮತ್ತು 10ರ ಜೋಡಿಗಳಲ್ಲಿಯೂ ಆಲ್-ಇನ್ ಆಗುವವರಾದರೆ ಇನ್ನೂ 12 ಕಾಂಬೊಗಳು ಸೇರುತ್ತವೆ, ಅವುಗಳ ಎದುರು ನಿಮಗೆ ಸುಮಾರು ಶೇ 81 ಗೆಲುವಿದೆ, ಮತ್ತು ಒಟ್ಟು ಸರಾಸರಿ ಶೇ 52ಕ್ಕೆ ಏರುತ್ತದೆ. ನಿಮ್ಮ ಎಲೆಗಳು ಬದಲಾಗಲಿಲ್ಲ, ಮೇಜಿನ ಹಣ ಬದಲಾಗಲಿಲ್ಲ. ಎದುರಾಳಿಯ ಅಭ್ಯಾಸದ ಬಗ್ಗೆ ನೀವು ನಂಬಿರುವ ಒಂದು ಸಂಗತಿ ಮಾತ್ರ ಬದಲಾಯಿತು. ಕಾಲ್ ಮಾಡಲು ಶೇ 45 ಬೇಕಾಗಿದ್ದರೆ ಮೊದಲನೆಯ ವ್ಯಕ್ತಿಯ ಎದುರು ಫೋಲ್ಡ್ ಮಾಡಬೇಕು, ಎರಡನೆಯವರ ಎದುರು ಕಾಲ್ ಮಾಡಬೇಕು.

ಈಗ ನಿಮ್ಮ ಕೈಗೆ ಬರೋಣ. ಹೆಚ್ಚು ಕೈಗಳನ್ನು ಆಡದ ವ್ಯಕ್ತಿ ಮೇಜಿನ ನಡುವಿನಿಂದ ರೈಸ್ ಮಾಡಿದ್ದಾರೆ. ಅಂಥವರ ರೇಂಜ್ ಅನ್ನು ನಾನು ಹೀಗೆ ಬರೆದುಕೊಳ್ಳುತ್ತೇನೆ: 2ರಿಂದ ಎಕ್ಕದವರೆಗಿನ ಎಲ್ಲ ಜೋಡಿಗಳು, ಒಂದೇ ಜಾತಿಯಲ್ಲಿ ಎಕ್ಕದೊಂದಿಗೆ ರಾಜ, ರಾಣಿ, ಗುಲಾಮ ಅಥವಾ 10, ರಾಜನೊಂದಿಗೆ ರಾಣಿ, ಗುಲಾಮ ಅಥವಾ 10, ರಾಣಿ–ಗುಲಾಮ, ರಾಣಿ–10, ಗುಲಾಮ–10 ಮತ್ತು 10–9, ಬೇರೆ ಜಾತಿಯಲ್ಲಿ ಎಕ್ಕ–ರಾಜ, ಎಕ್ಕ–ರಾಣಿ, ಎಕ್ಕ–ಗುಲಾಮ, ರಾಜ–ರಾಣಿ. ಜೋಡಿಗಳು 78, ಒಂದೇ ಜಾತಿಯವು 44, ಬೇರೆ ಜಾತಿಯವು 48. ಒಟ್ಟು 170 ಕಾಂಬೊಗಳು, ಅಂದರೆ ಎಲ್ಲ ಕೈಗಳ ಸುಮಾರು ಶೇ 13. ಇದು ನನ್ನ ಅಂದಾಜು. ನೀವು ಆ ಮೇಜಿನಲ್ಲಿ ಇದ್ದವರಾದ್ದರಿಂದ ಇದಕ್ಕಿಂತ ಒಳ್ಳೆಯ ಅಂದಾಜು ನಿಮ್ಮ ಬಳಿ ಇರಲು ಸಾಧ್ಯ. ಆದರೆ ಅಂದಾಜು ಒರಟಾಗಿದ್ದರೂ ಅದನ್ನು ಹೀಗೆ ಬಿಡಿಸಿ ಬರೆಯುವುದು ಅಗತ್ಯ, ಏಕೆಂದರೆ ಬರೆದಾಗ ಮಾತ್ರ ಅದರಲ್ಲಿ ಏನು ಹೆಚ್ಚಾಯಿತು, ಏನು ಬಿಟ್ಟುಹೋಯಿತು ಎಂಬುದು ಕಾಣುತ್ತದೆ.

ನಿಮ್ಮ ಕೈಯಲ್ಲಿರುವ ಕಳಾವರ್ ಎಕ್ಕ ಮತ್ತು ಗುಲಾಮ ಅವರಿಗೆ ಸಿಗಲಾರವು. ಆ ಕಾರಣಕ್ಕೇ 170 ಕಾಂಬೊಗಳು 145ಕ್ಕೆ ಇಳಿಯುತ್ತವೆ. ಫ್ಲಾಪ್‌ನ ಮೂರು ಎಲೆಗಳು ಬಿದ್ದಾಗ ಅದು 131 ಆಗುತ್ತದೆ. ಇಲ್ಲಿಯವರೆಗೆ ಯಾರ ಮನಸ್ಸನ್ನೂ ಓದಿಲ್ಲ. ಬರಿಯ ಕಳೆಯುವ ಲೆಕ್ಕ. ಮೂವರು ಗುಲಾಮರ ಸೆಟ್ ಅವರಿಗೆ ಬರಲು ಈಗ ಒಂದೇ ದಾರಿ ಉಳಿದಿದೆ, ಏಕೆಂದರೆ ಒಬ್ಬ ಗುಲಾಮ ನಿಮ್ಮಲ್ಲಿದ್ದಾನೆ, ಇನ್ನೊಬ್ಬ ಮೇಜಿನ ಮೇಲಿದ್ದಾನೆ. 8ರ ಸೆಟ್‌ಗೆ 3 ದಾರಿ, 4ರ ಸೆಟ್‌ಗೆ 3 ದಾರಿ.

ಮನಸ್ಸನ್ನು ಓದುವ ಕೆಲಸ ಅವರ ಬೆಟ್‌ಗಳಿಂದ ಆರಂಭವಾಗುತ್ತದೆ. 28 ಡಾಲರ್ ಪಾಟ್‌ಗೆ (ಕಾರ್ಡ್ ರೂಮ್ ತೆಗೆದುಕೊಳ್ಳುವ ಪಾಲನ್ನು ಸರಳತೆಗಾಗಿ ಬಿಟ್ಟಿದ್ದೇನೆ) ಅವರು 20 ಹಾಕಿದ್ದಾರೆ. ಸಾಮಾನ್ಯವಾಗಿ ಇಂಥ ಆಟಗಾರರು ಗುಲಾಮನಿಗಿಂತ ದೊಡ್ಡ ಜೋಡಿ, ಸೆಟ್, ಗುಲಾಮನ ಜೋಡಿ, ಆಟೀನ್ ಫ್ಲಷ್‌ನ (ಒಂದೇ ಜಾತಿಯ ಐದು ಎಲೆ) ಆಸೆ, ಸ್ಟ್ರೇಟ್‌ಗೆ (ಸಾಲಾಗಿ ಬರುವ ಐದು ಎಲೆ) ಎರಡೂ ತುದಿ ತೆರೆದಿರುವ 10–9, 10ರ ಜೋಡಿ ಮತ್ತು ಒಮ್ಮೊಮ್ಮೆ ಏನೂ ಸಿಗದ ಎಕ್ಕ–ರಾಜ ಇವುಗಳಲ್ಲಿ ಬೆಟ್ ಮಾಡುತ್ತಾರೆ. 9, 7, 6, 5, 3, 2ರ ಸಣ್ಣ ಜೋಡಿಗಳು ಬಹುಪಾಲು ಇಲ್ಲಿ ಚೆಕ್ ಆಗಿ ಹೊರಬೀಳುತ್ತವೆ. ಟರ್ನ್‌ನ ಕಳಾವರ್ 2 ಯಾರಿಗೂ ನೆರವಾಗದ ಎಲೆ. ಅದರ ಮೇಲೆ 68ರ ಪಾಟ್‌ಗೆ 45 ಹಾಕಿದಾಗ ಏನೂ ಇಲ್ಲದ ಎಕ್ಕ–ರಾಜ, 10ರ ಜೋಡಿ, ಗುಲಾಮ–10 ಬಿದ್ದುಹೋಗುತ್ತವೆ. ಒಂದು ಬೆಟ್‌ಗೆ ಕಾಲ್ ಮಾಡಿರುವ ನಿಮ್ಮ ಎದುರು ಜಾಗರೂಕ ವ್ಯಕ್ತಿ ಮಧ್ಯಮ ಕೈಯಿಂದ ಪಾಟ್ ಬೆಳೆಸುವುದಿಲ್ಲ. ರಿವರ್‌ನಲ್ಲಿ 158ರ ಪಾಟ್‌ಗೆ 120 ಬಂದಾಗ ರಾಜ–ಗುಲಾಮ, ರಾಣಿ–ಗುಲಾಮ, ಪ್ರಾಯಶಃ ಎಕ್ಕ–ಗುಲಾಮ ಕೂಡ ಚೆಕ್ ಮಾಡುವ ಗುಂಪಿಗೆ ಹೋಗುತ್ತವೆ.

ಹಾಗಾದರೆ ಉಳಿದದ್ದೇನು? ನಿಮ್ಮನ್ನು ಸೋಲಿಸುವ ಕೈಗಳಲ್ಲಿ ಎಕ್ಕಗಳ ಜೋಡಿ 3, ರಾಜರ ಜೋಡಿ 6, ರಾಣಿಯರ ಜೋಡಿ 6, ಗುಲಾಮರು 1, 8ರ ಜೋಡಿ 3, 4ರ ಜೋಡಿ 3, ಒಟ್ಟು 22. ಆಸೆ ಈಡೇರದೆ ಉಳಿದ ಕೈಗಳಲ್ಲಿ ಆಟೀನ್ ಜಾತಿಯ ಎಕ್ಕ–ರಾಜ, ಎಕ್ಕ–ರಾಣಿ, ಎಕ್ಕ–10, ರಾಜ–ರಾಣಿ, ರಾಜ–10, ರಾಣಿ–10 ಒಂದೊಂದು, ಮತ್ತು ಒಂದೇ ಜಾತಿಯ 10–9 ನಾಲ್ಕು, ಒಟ್ಟು 10. ನಿಮ್ಮ ಮನಸ್ಸು ಹಿಡಿದುಕೊಂಡ ರಾಜರ ಜೋಡಿ ಈ 32ರಲ್ಲಿ 6 ಮಾತ್ರ. ನಿಮಗೆ ಕಂಡದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ಗುಂಪಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ.

ಕಾಲ್ ಮಾಡಲು ನಿಮಗೆ ಎಷ್ಟು ಬಾರಿ ಗೆಲ್ಲಬೇಕಾಗಿತ್ತು ಎಂಬುದನ್ನು ಈಗ ನೋಡಿ. ನೀವು 120 ಹಾಕಿದರೆ ಒಟ್ಟು ಪಾಟ್ 398 ಆಗುತ್ತದೆ. 120ನ್ನು 398ರಿಂದ ಭಾಗಿಸಿದರೆ ಶೇ 30ಕ್ಕೆ ಸ್ವಲ್ಪ ಹೆಚ್ಚು. ಎದುರಾಳಿ ಆ 10 ಕಾಂಬೊಗಳಲ್ಲಿ ಎಲ್ಲವನ್ನೂ ರಿವರ್‌ನಲ್ಲಿ ಬೆಟ್ ಮಾಡುವವರಾದರೆ ನೀವು 32ರಲ್ಲಿ 10 ಬಾರಿ, ಅಂದರೆ ಶೇ 31 ಗೆಲ್ಲುತ್ತೀರಿ, ಮತ್ತು ಕಾಲ್ ಮಾಡುವುದರಿಂದ ಸರಾಸರಿ 4 ಡಾಲರ್‌ನಷ್ಟು ಲಾಭ. ಅವುಗಳಲ್ಲಿ ಅರ್ಧವನ್ನು ಮಾತ್ರ ಬೆಟ್ ಮಾಡಿ ಉಳಿದದ್ದನ್ನು ಕೈಬಿಡುವವರಾದರೆ ನೀವು 27ರಲ್ಲಿ 5 ಬಾರಿ ಮಾತ್ರ ಗೆಲ್ಲುತ್ತೀರಿ, ಮತ್ತು ಪ್ರತಿ ಕಾಲ್‌ಗೆ ಸರಾಸರಿ 46 ಡಾಲರ್ ನಷ್ಟ. ಎರಡೂ ಬದಿಯ ವ್ಯತ್ಯಾಸವನ್ನು ಗಮನಿಸಿ. ಈ ವ್ಯಕ್ತಿ ತಪ್ಪಿಹೋದ ಎಲ್ಲ ಆಸೆಗಳನ್ನೂ ಕೊನೆಯವರೆಗೆ ಬ್ಲಫ್ ಆಗಿ ಎಳೆಯುವವರು ಎಂಬ ನಂಬಿಕೆ ನಿಮಗೆ ಗಟ್ಟಿಯಾಗಿರದಿದ್ದರೆ ಫೋಲ್ಡ್ ಮಾಡಿದ್ದು ಸರಿ. ಅವರು ತೋರಿಸಿದ ಆಟೀನ್ 10–9 ಆ ಹತ್ತರಲ್ಲಿ ಒಂದು. ಅದು ತೆರೆದು ಕಂಡ ಮಾತ್ರಕ್ಕೆ ನಿಮ್ಮ ನಿರ್ಧಾರ ತಪ್ಪಾಗುವುದಿಲ್ಲ. ನಿರ್ಧಾರ ತೆಗೆದುಕೊಂಡ ಕಾರಣ ಮಾತ್ರ ಸರಿಯಿರಲಿಲ್ಲ, ಮತ್ತು ತಿದ್ದಬೇಕಾದದ್ದು ಅದನ್ನೇ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಕಂಡ ಒಂದು ಬ್ಲಫ್‌ನ ನೋವಿನಿಂದ ಮುಂದಿನ ಸಲ ಕಣ್ಣು ಮುಚ್ಚಿ ಕಾಲ್ ಮಾಡುವವರು ಸಣ್ಣ ಮೊತ್ತದ ಮೇಜುಗಳಲ್ಲಿ ಬಹಳ ಹಣ ಕಳೆದುಕೊಳ್ಳುತ್ತಾರೆ.

ನಿಮ್ಮ ಕೈಯ ಎಲೆಗಳ ಜಾತಿಯೂ ಇಲ್ಲಿ ಮಾತನಾಡುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಳಾವರ್ ಎಕ್ಕದ ಬದಲು ಆಟೀನ್ ಎಕ್ಕ ನಿಮ್ಮಲ್ಲಿ ಇದ್ದಿದ್ದರೆ ಎದುರಾಳಿಗೆ ಆಟೀನ್ ಎಕ್ಕ–ರಾಜ, ಎಕ್ಕ–ರಾಣಿ, ಎಕ್ಕ–10 ಬರುವುದೇ ಸಾಧ್ಯವಿರಲಿಲ್ಲ. ಬ್ಲಫ್‌ಗಳು 10ರಿಂದ 7ಕ್ಕೆ ಇಳಿಯುತ್ತಿದ್ದವು, ನಿಮ್ಮನ್ನು ಸೋಲಿಸುವ ಕೈಗಳು 22 ಆಗಿಯೇ ಇರುತ್ತಿದ್ದವು, ನಿಮ್ಮ ಪಾಲು ಶೇ 24ಕ್ಕೆ ಕುಸಿಯುತ್ತಿತ್ತು. ಮೇಲ್ನೋಟಕ್ಕೆ ಅದೇ ಎಕ್ಕ–ಗುಲಾಮ, ಅದೇ ಮೇಜು, ಅದೇ 120 ಡಾಲರ್. ಎದುರಾಳಿ ಎಲ್ಲ ಬ್ಲಫ್‌ಗಳನ್ನೂ ಹಾಕುವವರಾದರೂ ಫೋಲ್ಡ್ ಮಾಡಬೇಕಾಗುತ್ತಿತ್ತು. ಎದುರಾಳಿಯ ಬ್ಲಫ್‌ಗೆ ಬೇಕಾದ ಎಲೆ ನಿಮ್ಮ ಬಳಿ ಇಲ್ಲದಿರುವುದು ಕಾಲ್‌ಗೆ ಒಳ್ಳೆಯದು. ಅವರ ಬಲವಾದ ಕೈಗೆ ಬೇಕಾದ ಎಲೆ ನಿಮ್ಮ ಬಳಿ ಇರುವುದು ಇನ್ನೂ ಒಳ್ಳೆಯದು.

ಇಷ್ಟು ಹೊತ್ತು ನಾನು ಪ್ರತಿಯೊಂದು ಕೈಯನ್ನೂ ಇದೆ ಅಥವಾ ಇಲ್ಲ ಎಂದು ಎಣಿಸಿದ್ದೇನೆ. ವಾಸ್ತವದಲ್ಲಿ ಜನ ಒಂದೇ ಕೈಯನ್ನು ಒಂದು ದಿನ ಒಂದು ಬಗೆಯಲ್ಲಿ, ಮರುದಿನ ಇನ್ನೊಂದು ಬಗೆಯಲ್ಲಿ ಆಡುತ್ತಾರೆ, ಆದ್ದರಿಂದ ಕೈಗಳಿಗೆ ತೂಕ ಕೊಡುವುದನ್ನು ಕಲಿಯಬೇಕು. ಇದರ ಹಿಂದಿರುವ ಗಣಿತ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದ್ದು. ಅವರು ತೀರಿಕೊಂಡ ಮೇಲೆ 1763ರಲ್ಲಿ ಗೆಳೆಯ ರಿಚರ್ಡ್ ಪ್ರೈಸ್ ಅವರ ಮೂಲಕ ಅದು ಬೆಳಕಿಗೆ ಬಂತು. ಮೇಜಿನಲ್ಲಿ ಅದನ್ನು ಬಳಸುವುದು ಕಷ್ಟವಲ್ಲ. ಇದೇ ಫ್ಲಾಪ್‌ನಲ್ಲಿ ಎದುರಾಳಿ ಚೆಕ್ ಮಾಡಿ, ನೀವು ಬೆಟ್ ಮಾಡಿ, ಅವರು ರೈಸ್ ಮಾಡಿದರು ಎಂದುಕೊಳ್ಳಿ. ಅವರ ಬಳಿ ಇರಬಹುದಾದ ಸೆಟ್‌ಗಳು 7 ಕಾಂಬೊ, ಮೇಲೆ ಎಣಿಸಿದ ಆಸೆಯ ಕೈಗಳು 10. ಸೆಟ್ ಇದ್ದಾಗ ಹತ್ತರಲ್ಲಿ ಒಂಬತ್ತು ಬಾರಿ, ಆಸೆಯ ಕೈ ಇದ್ದಾಗ ಹತ್ತರಲ್ಲಿ ಮೂರು ಬಾರಿ ರೈಸ್ ಮಾಡುವವರು ಅವರಾದರೆ 7ನ್ನು 0.9ರಿಂದ ಗುಣಿಸಿ 6.3, 10ನ್ನು 0.3ರಿಂದ ಗುಣಿಸಿ 3. ರೈಸ್‌ಗೆ ಮುಂಚೆ ಈ 17ರಲ್ಲಿ ಸೆಟ್‌ನ ಪಾಲು ಶೇ 41 ಇತ್ತು, ರೈಸ್ ಆದ ಮೇಲೆ ಅದು ಶೇ 68 ಆಯಿತು. ಮೊದಲು ಎಷ್ಟಿತ್ತು ಎಂಬ ಎಣಿಕೆಯನ್ನು, ಈ ಕೈ ಇದ್ದಾಗ ಹೀಗೆ ಆಡುವ ಸಂಭವ ಎಷ್ಟು ಎಂಬುದರಿಂದ ಗುಣಿಸಬೇಕು, ಬೇಕಾದದ್ದು ಅಷ್ಟೇ. ತಪ್ಪುಗಳು ಹೆಚ್ಚಾಗಿ ಮೊದಲ ಭಾಗದಲ್ಲಿ ಆಗುತ್ತವೆ: ರೈಸ್ ಎಂದರೆ ಬಲ ಎಂಬುದು ಎಲ್ಲರಿಗೂ ನೆನಪಿರುತ್ತದೆ, ಆ ಬಲವಾದ ಕೈಗಳು ಎಷ್ಟು ವಿರಳ ಎಂಬುದು ಮರೆತಿರುತ್ತದೆ.

ಇಷ್ಟೆಲ್ಲ ಲೆಕ್ಕವನ್ನು ಮೇಜಿನಲ್ಲಿ ಅರ್ಧ ನಿಮಿಷದೊಳಗೆ ಮಾಡುವುದು ಸಾಧ್ಯವೇ ಎಂದು ನೀವು ಕೇಳಬಹುದು. ಪೂರ್ತಿಯಾಗಿ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಸೋಲಿಸುವ ಕೈಗಳು ಇಪ್ಪತ್ತರ ಆಸುಪಾಸು, ಬ್ಲಫ್ ಆಗಬಲ್ಲವು ಹೆಚ್ಚೆಂದರೆ ಹತ್ತು, ನನಗೆ ಬೇಕಾದದ್ದು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ, ಇಷ್ಟು ಹೊಳೆದರೆ ಸಾಕು. ಪಾಟ್‌ನ ಅರ್ಧದಷ್ಟು ಬೆಟ್‌ಗೆ ಶೇ 25, ಪಾಟ್‌ನಷ್ಟೇ ಬೆಟ್‌ಗೆ ಶೇ 33 ಗೆಲುವು ಬೇಕೆಂಬುದನ್ನು ನೆನಪಿಟ್ಟರೆ ಭಾಗಾಕಾರ ಮಾಡುವ ಶ್ರಮ ತಪ್ಪುತ್ತದೆ. ಸೂಕ್ಷ್ಮ ಲೆಕ್ಕ ಮನೆಯ ಕೆಲಸ. ಆಡಿದ ಕೈಗಳಲ್ಲಿ ಒಂದೋ ಎರಡೋ ಬರೆದುಕೊಂಡು ಬಂದು, ಕಾಗದದಲ್ಲಿ ಫ್ಲಾಪ್‌ನಿಂದ ರಿವರ್‌ವರೆಗೆ ಹೀಗೆ ಬಿಡಿಸಿ ನೋಡಿದರೆ ಕೆಲವು ತಿಂಗಳುಗಳಲ್ಲಿ ಎಣಿಕೆ ತಾನಾಗಿ ಬೇಗ ಬರತೊಡಗುತ್ತದೆ. ಇದಕ್ಕೆ ಹಣ ಇಟ್ಟು ಆಡಲೇಬೇಕೆಂದಿಲ್ಲ. ಗೆಳೆಯರ ನಡುವೆ ಬರಿಯ ಚಿಪ್‌ಗಳೊಂದಿಗೆ ಆಡಿದರೂ ಅಭ್ಯಾಸವಾಗುತ್ತದೆ. ಕರ್ನಾಟಕದಿಂದ ಇದನ್ನು ಓದುತ್ತಿರುವವರು ಒಂದು ಸಂಗತಿಯನ್ನು ನೆನಪಿಡಬೇಕು: ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವ ಆಟಗಳನ್ನು, ಅವು ಕೌಶಲದ ಆಟಗಳಾಗಿದ್ದರೂ, ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸುತ್ತದೆ.

ಎದುರಾಳಿಯ ಅಭ್ಯಾಸ ತಿಳಿಯುವುದು ಹೇಗೆ ಎಂಬುದೇ ಈ ಎಲ್ಲದರ ತಿರುಳು, ಮತ್ತು ಅದಕ್ಕೆ ಉತ್ತರ ನೀವು ಫೋಲ್ಡ್ ಮಾಡಿದ ಕೈಗಳಲ್ಲಿ ಇದೆ. ಒಂಬತ್ತು ಜನರ ಮೇಜಿನಲ್ಲಿ ಚೆನ್ನಾಗಿ ಆಡುವವರು ಹೆಚ್ಚಿನ ಹೊತ್ತು ಆಟದಲ್ಲಿ ಇರುವುದೇ ಇಲ್ಲ. ಆ ಹೊತ್ತಿನಲ್ಲಿ ಫೋನ್ ನೋಡುವ ಬದಲು, ಬೇರೆಯವರು ಆಡುತ್ತಿರುವ ಕೈಯನ್ನು ನಿಮ್ಮದೇ ಎಂಬಂತೆ ಹಿಂಬಾಲಿಸಿ. ರೈಸ್ ಮಾಡಿದವರಿಗೆ ಒಂದು ರೇಂಜ್ ಕೊಡಿ, ಪ್ರತಿ ಎಲೆ ಬಿದ್ದಾಗಲೂ ಅದನ್ನು ಕಿರಿದಾಗಿಸಿ, ಕೊನೆಗೆ ಎಲೆಗಳು ತೆರೆದಾಗ ಹಿಂದಕ್ಕೆ ನಡೆಯಿರಿ. ಇವರು 6ರ ಜೋಡಿಯನ್ನು ಮೊದಲ ಸ್ಥಾನದಿಂದ ರೈಸ್ ಮಾಡಿದರು. ಫ್ಲಷ್‌ನ ಆಸೆ ಇದ್ದಾಗ ಟರ್ನ್‌ನಲ್ಲಿ ಚೆಕ್ ಮಾಡಿದರು. ಎರಡು ಜೋಡಿ ಬಂದಾಗ ರೈಸ್ ಮಾಡದೆ ಬರಿಯ ಕಾಲ್ ಮಾಡಿದರು. ತೆರೆದು ಕಂಡ ಒಂದೇ ಕೈಯಿಂದ ಹೀಗೆ ಮೂರು ನಾಲ್ಕು ಸಂಗತಿಗಳು ಸಿಗುತ್ತವೆ. ಎಲೆಗಳನ್ನು ಮಾತ್ರ ನೋಡಿ ‘ಓ, ಬ್ಲಫ್ ಆಗಿತ್ತು’ ಎಂದು ಮುಗಿಸಿದರೆ ಅವೆಲ್ಲ ವ್ಯರ್ಥವಾಗುತ್ತವೆ. ಹೊಸಬರ ಬಗ್ಗೆ ಏನೂ ಗೊತ್ತಿಲ್ಲದಿರುವಾಗ ಆ ಮೇಜಿನಲ್ಲಿ ಸಾಮಾನ್ಯವಾಗಿ ಆಡುವವರ ರೀತಿಯಿಂದ ಆರಂಭಿಸಿ, ಕಂಡ ಕೈಗಳು ಹೇಳಿದಂತೆ ತಿದ್ದುತ್ತ ಹೋಗಿ. ನನ್ನ ಅಭಿಪ್ರಾಯದಲ್ಲಿ ನೀವು ಆಡುವ ಮಟ್ಟದಲ್ಲಿ ರಿವರ್‌ನ ದೊಡ್ಡ ಬೆಟ್ ಬಲವಾದ ಕೈಯ ಕಡೆಗೇ ಹೆಚ್ಚು ವಾಲುತ್ತದೆ. ಜನ ಫ್ಲಾಪ್‌ನಲ್ಲಿ ಧೈರ್ಯವಾಗಿ ಬ್ಲಫ್ ಮಾಡುತ್ತಾರೆ, ರಿವರ್‌ನಲ್ಲಿ ನೂರು ದಾಟಿದ ಚಿಪ್‌ಗಳನ್ನು ಮುಂದೆ ತಳ್ಳುವಾಗ ಹಿಂಜರಿಯುತ್ತಾರೆ.

ಕೈ ನಡುಗುವುದು, ಉಸಿರು ಹಿಡಿಯುವುದು, ಚಿಪ್‌ಗಳತ್ತ ನೋಡುವುದು ಮುಂತಾದ ಚಿಹ್ನೆಗಳ ಬಗ್ಗೆ ಹೆಚ್ಚು ಹೇಳಲಾರೆ. ಅವುಗಳಿಂದ ಅಂದಾಜನ್ನು ಸ್ವಲ್ಪ ಅತ್ತಿತ್ತ ಸರಿಸಬಹುದು, ಆದರೆ ಅಂದಾಜು ಮೊದಲೇ ಇದ್ದರೆ ಮಾತ್ರ ಸರಿಸಲು ಸಾಧ್ಯ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ, ನಾಲ್ವರು ಪರಿಣತ ವೃತ್ತಿಪರರ ಎದುರು ಇಬ್ಬಿಬ್ಬರ ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ 20 ದಿನಗಳಲ್ಲಿ 1,20,000 ಕೈಗಳನ್ನು ಆಡಿ ಸ್ಪಷ್ಟವಾಗಿ ಗೆದ್ದಿತು. ಅದಕ್ಕೆ ಯಾರ ಮುಖವೂ ಕಾಣುತ್ತಿರಲಿಲ್ಲ. ಇಂಥ ಪ್ರೋಗ್ರಾಂಗಳು ಒಂದು ಕೈಯನ್ನು ಊಹಿಸದೆ ಸಾಧ್ಯವಿರುವ ಎಲ್ಲ ಕೈಗಳ ಮೇಲೆ ಸಂಭವವನ್ನು ಹಂಚಿ ಲೆಕ್ಕ ಹಾಕುತ್ತವೆ. ಜೊತೆಗೆ ಅವು ಇನ್ನೊಂದು ಕೆಲಸ ಮಾಡುತ್ತವೆ, ಅದನ್ನು ನಾವೂ ಕಲಿಯಬೇಕು: ತಾವು ಹೀಗೆ ಆಡಿದ್ದರಿಂದ ಎದುರಿನವರಿಗೆ ತಮ್ಮ ರೇಂಜ್ ಹೇಗೆ ಕಾಣುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನಿಮ್ಮ ಕೈಯಲ್ಲಿಯೂ ಅದು ನಡೆದಿದೆ. ಎರಡು ಬಾರಿ ಕಾಲ್ ಮಾಡಿ ಒಮ್ಮೆಯೂ ರೈಸ್ ಮಾಡದ ನೀವು ಅವರ ಕಣ್ಣಿಗೆ ಒಂದು ಗುಲಾಮ ಇರುವ ಅಥವಾ ಫ್ಲಷ್‌ನ ಆಸೆ ಇರುವ ವ್ಯಕ್ತಿಯಾಗಿ ಕಂಡಿರಿ. ಸೆಟ್ ಇದ್ದಿದ್ದರೆ ನೀವು ಎಲ್ಲಿಯಾದರೂ ರೈಸ್ ಮಾಡುತ್ತಿದ್ದಿರಿ ಎಂದು ಅವರು ಸರಿಯಾಗಿಯೇ ತಿಳಿದಿದ್ದರೆ 120 ಡಾಲರ್‌ಗೆ ನಿಮ್ಮನ್ನು ಓಡಿಸಬಹುದೆಂಬ ಯೋಚನೆ ಅವರಿಗೆ ಬರುವುದು ಸಹಜ. ಎರಡು ಕಾಲ್‌ಗಳಲ್ಲಿ ನಿಮ್ಮ ಬಲವಾದ ಕೈಗಳೂ ಆಗಾಗ ಅಡಗಿರುತ್ತವೆ ಎಂಬುದನ್ನು ಅವರು ಒಮ್ಮೆಯಾದರೂ ಕಂಡಿದ್ದರೆ ಆ ಯೋಚನೆಗೆ ಅಷ್ಟು ಧೈರ್ಯ ಇರುತ್ತಿರಲಿಲ್ಲ.

ಇನ್ನು ಅವರು ತೋರಿಸಿದ ಎಲೆಗಳಿಂದ ಏನು ಕಲಿಯಬಹುದು ಎಂಬುದನ್ನು ಹೇಳಿ ಮುಗಿಸುತ್ತೇನೆ. ಬ್ಲಫ್ ಆಗಬಲ್ಲ ಹತ್ತು ಕಾಂಬೊಗಳೆಲ್ಲ ಒಂದೇ ಬಗೆಯವಲ್ಲ. ಆಟೀನ್ ಎಕ್ಕ–ರಾಜ ಇದ್ದವರು ರಿವರ್‌ನಲ್ಲಿ ಚೆಕ್ ಮಾಡಿದರೂ ಕೆಲವೊಮ್ಮೆ ಎಕ್ಕದ ಬಲದಿಂದಲೇ ಗೆಲ್ಲುತ್ತಾರೆ, ಏಕೆಂದರೆ ನಿಮ್ಮಲ್ಲಿಯೂ ಫ್ಲಷ್‌ನ ಆಸೆ ತಪ್ಪಿಹೋಗಿರಬಹುದು. 10–9 ಇದ್ದವರಿಗೆ ಆ ದಾರಿ ಇಲ್ಲ. ಬೆಟ್ ಮಾಡದೆ ಅವರು ಗೆಲ್ಲುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದ್ದರಿಂದ ಅವರು 10–9ರಲ್ಲಿ ಬೆಟ್ ಮಾಡಿದರು ಎಂಬುದು ಎಕ್ಕ ಇರುವ ಮೂರು ಕೈಗಳಲ್ಲಿಯೂ ಬೆಟ್ ಮಾಡುತ್ತಾರೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಎಕ್ಕ ಇರುವ ಆ ಮೂರು ಕೈಗಳನ್ನು ಅವರು ಚೆಕ್ ಮಾಡುವವರಾದರೆ ಬ್ಲಫ್‌ಗಳು 7 ಮಾತ್ರ, ನಿಮ್ಮ ಪಾಲು ಶೇ 24, ಫೋಲ್ಡ್ ಈಗಲೂ ಸರಿ. ಬರಿಯ 10–9ಗಳಲ್ಲಿ ಮಾತ್ರ ಬೆಟ್ ಮಾಡುವವರಾದರೆ 26ರಲ್ಲಿ 4, ಅಂದರೆ ಶೇ 15.

ಇನ್ನೊಂದು ಬದಿಯೂ ಇದೆ. ಒಂದೇ ಜಾತಿಯ ರಾಜ–ಗುಲಾಮ ಮತ್ತು ರಾಣಿ–ಗುಲಾಮ ಅವರಿಗೆ ಒಟ್ಟು 4 ಬಗೆಯಲ್ಲಿ ಬರಬಹುದು. ನಿಮ್ಮ ಎಕ್ಕ ಅವೆರಡನ್ನೂ ಸೋಲಿಸುತ್ತದೆ. ಜಾಗರೂಕ ವ್ಯಕ್ತಿಯೆಂದು ನಾನು ಅವುಗಳನ್ನು ಚೆಕ್ ಮಾಡುವ ಗುಂಪಿಗೆ ಹಾಕಿದೆ. ಅವರು ಅವುಗಳಲ್ಲಿಯೂ 120 ಹಾಕುವವರಾದರೆ 7 ಬ್ಲಫ್‌ಗಳ ಜೊತೆಗೆ ಈ 4 ಸೇರಿ 33ರಲ್ಲಿ 11 ಆಗುತ್ತದೆ, ನಿಮ್ಮ ಪಾಲು ಶೇ 33ಕ್ಕೆ ಏರುತ್ತದೆ, ಮತ್ತು ಕಾಲ್ ಲಾಭದ ನಿರ್ಧಾರವಾಗುತ್ತದೆ. ಹೀಗಾಗಿ ಅದೇ ವ್ಯಕ್ತಿಯೊಂದಿಗೆ ಮತ್ತೆ ಕುಳಿತಾಗ ನೀವು ಕಾಯಬೇಕಾದದ್ದು ಎರಡು ಸಂಗತಿಗಳಿಗೆ: ಎಕ್ಕದೊಂದಿಗೆ ಫ್ಲಷ್ ತಪ್ಪಿದಾಗ ಅವರು ರಿವರ್‌ನಲ್ಲಿ ಚೆಕ್ ಮಾಡುತ್ತಾರೆಯೇ, ಮತ್ತು ಮಧ್ಯಮ ಕಿಕ್ಕರ್ (ಜೋಡಿಯ ಜೊತೆಗಿರುವ ಇನ್ನೊಂದು ಎಲೆ) ಇರುವ ಮೇಲಿನ ಜೋಡಿಯಲ್ಲಿ ಮೂರನೆಯ ಬೆಟ್ ಹಾಕುತ್ತಾರೆಯೇ. ಇವೆರಡರಲ್ಲಿ ಯಾವುದಾದರೂ ಒಂದು ಬೇರೆ ಯಾರೊಂದಿಗೋ ಆಡುವ ಕೈಯಲ್ಲಿ, ನೀವು ಫೋಲ್ಡ್ ಮಾಡಿ ಕುಳಿತಿರುವಾಗ ತೆರೆದು ಕಾಣುವ ಸಂಭವವೇ ಹೆಚ್ಚು.